ತೆಂಗಿನಕಾಯಿಯಿಂದ ಹತ್ತರ ಚುಕ್ಕಿಗೆ: ಕೊಡಗಿನಲ್ಲಿ ಗುರಿ ಸ್ಪರ್ಧೆಗೆ ಇಳಿಯುವವರಿಗೆ

ಗದ್ದೆಯ ನಾಟಿ ಮುಗಿದು ಕೈಲ್‌ಪೊಳ್ದ್ ಹತ್ತಿರವಾಗುತ್ತಿದ್ದಂತೆ ಕೊಡಗಿನ ಊರುಗಳಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯ ಸುದ್ದಿ ಓಡಾಡತೊಡಗುತ್ತದೆ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಈ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ಮನೆಯ ನಡು ಹಜಾರದಲ್ಲಿಟ್ಟು, ತೋಕ್ ಪೂ ಎಂಬ ಕೋವಿ ಹೂ ಮುಡಿಸಿ ಪೂಜಿಸುತ್ತಾರೆ. ಆಮೇಲೆ ಮಂದ್ ಎಂಬ ಊರ ಬಯಲಿನಲ್ಲಿ ಸೇರಿ ಮರದ ಮೇಲೆ ಕಟ್ಟಿದ ಕಾಯಿಗೆ ಗುರಿಯಿಡುವುದು ಹಿಂದಿನಿಂದ ನಡೆದುಬಂದ ವಾಡಿಕೆ. ಈಗ ಅದೇ ವಾಡಿಕೆಯನ್ನು ಸಮಾಜಗಳು, ಯುವಕ ಸಂಘಗಳು, ಕ್ರೀಡಾ ಸಂಸ್ಥೆಗಳು ಸ್ಪರ್ಧೆಯಾಗಿ ನಡೆಸುತ್ತಿವೆ. ಪಾಯಿಂಟ್ 22 ರೈಫಲ್, 12 ಬೋರ್ ತೋಟಾ ಕೋವಿ, ಏರ್‌ಗನ್ ಎಂದು ವಿಭಾಗಗಳಿರುತ್ತವೆ. ಹಲವೆಡೆ ಮಹಿಳೆಯರಿಗೆ ಪ್ರತ್ಯೇಕ ವಿಭಾಗವೂ ಇರುತ್ತದೆ.

ಪ್ರತಿ ವರ್ಷವೂ ಬೇಲಿಯ ಆಚೆ ನಿಂತು ನೋಡುವವರ ಸಂಖ್ಯೆಯೇ ದೊಡ್ಡದು. ಅವರಲ್ಲಿ ಅನೇಕರಿಗೆ ಒಳಗೆ ಬರುವ ಆಸೆ ಇರುತ್ತದೆ. ಆದರೆ ‘ನಮ್ಮ ಮನೆಯಲ್ಲಿ ಕೋವಿ ಇಲ್ಲ’, ‘ನಮ್ಮಲ್ಲಿ ಯಾರೂ ಹೊಡೆದವರಲ್ಲ’ ಎಂದು ಹಿಂದೆ ಸರಿಯುತ್ತಾರೆ. ಗುರಿ ಎಂಬುದು ಮನೆತನದಲ್ಲಿ ಹರಿದುಬರುವ ಗುಣ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಬಲವಾಗಿದೆ. ನಾನು ಅದನ್ನು ಒಪ್ಪುವುದಿಲ್ಲ. ಕೋವಿ ಮನೆತನದಿಂದ ಬರಬಹುದು, ಗುರಿ ಬರುವುದಿಲ್ಲ. ಪ್ರತಿ ಸಲವೂ ಒಂದೇ ಬಗೆಯಲ್ಲಿ ನಿಂತು, ಒಂದೇ ಬಗೆಯಲ್ಲಿ ಉಸಿರು ಹಿಡಿದು, ಒಂದೇ ಬಗೆಯಲ್ಲಿ ಟ್ರಿಗರ್ ಎಳೆಯುವುದನ್ನು ಕಲಿತವರಿಗೆ ಗುರಿ ಸಿಗುತ್ತದೆ. ತೋಟದ ಕೆಲಸಗಾರರ ಮಗಳೂ ಅದನ್ನು ಕಲಿಯಬಹುದು, ನಿವೃತ್ತ ಮೇಷ್ಟರೂ ಕಲಿಯಬಹುದು.

ಒಂದು ಲೆಕ್ಕ ನೋಡಿ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 50 ಮೀಟರ್ ರೈಫಲ್‌ಗೆ ಬಳಸುವ ಗುರಿ ಕಾಗದದ ನಡುವಿನ ಕಪ್ಪು ಭಾಗದ ಅಡ್ಡಳತೆ 112.4 ಮಿಲಿಮೀಟರ್. ನಾರು ಸುಲಿದ ತೆಂಗಿನಕಾಯಿ ಹೆಚ್ಚುಕಡಿಮೆ ಅಷ್ಟೇ ದಪ್ಪ ಇರುತ್ತದೆ. ಹಾಗಾಗಿ 50 ಮೀಟರ್ ದೂರದ ಕಾಯಿಯ ಅಂಚಿಗೆ ಗುಂಡು ತಾಗಿಸಿದವರು ಕಾಗದದ ಮೇಲಾದರೆ ಮೂರೋ ನಾಲ್ಕೋ ಅಂಕ ಪಡೆದಂತೆ. ಹತ್ತು ಅಂಕದ ವೃತ್ತದ ಅಡ್ಡಳತೆ 10.4 ಮಿಲಿಮೀಟರ್ ಮಾತ್ರ. ಕಾಯಿ ಹೊಡೆಯುವುದು ಹೊಸಬರ ಕೈಗೆ ಎಟುಕದ ವಿದ್ಯೆಯಲ್ಲ. ಹಾಗೆಯೇ, ಕಾಯಿ ಹೊಡೆದ ಮಾತ್ರಕ್ಕೆ ಕಲಿಕೆ ಮುಗಿಯುವುದೂ ಇಲ್ಲ.

ಕಾಗದಪತ್ರ ಮೊದಲು

‘ಕೊಡಗಿನವರಿಗೆ ಕೋವಿಗೆ ಪರವಾನಗಿ ಬೇಡ’ ಎಂಬ ಮಾತನ್ನು ಹೊರ ಜಿಲ್ಲೆಯವರಷ್ಟೇ ಅಲ್ಲ, ನಮ್ಮವರೂ ಆಡುತ್ತಾರೆ. ಅದು ಅರ್ಧ ಸತ್ಯ. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟಿತು. ಸ್ವಾತಂತ್ರ್ಯದ ಬಳಿಕ 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯಲ್ಲಿ 1963ರ ಅಧಿಸೂಚನೆ ಅದನ್ನು ಮುಂದುವರಿಸಿತು. 2019ರಲ್ಲಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ. ಕೊಡಗಿನಲ್ಲಿ ಮನೆ ಕಟ್ಟಿದವರಿಗೆಲ್ಲ ಅದು ಸಿಗುವುದಿಲ್ಲ. ವಿನಾಯಿತಿ ಇರುವವರು ಕೂಡ ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆದು, ಕೋವಿಯ ವಿವರವನ್ನು ಅದರಲ್ಲಿ ನಮೂದಿಸಿಕೊಂಡಿರಬೇಕು. ಉಳಿದವರಿಗೆ ದೇಶದ ಎಲ್ಲೆಡೆ ಇರುವಂತೆ ಪರವಾನಗಿಯೇ ದಾರಿ. ಅದಕ್ಕೆ 21 ವರ್ಷ ತುಂಬಿರಬೇಕು.

ಇಷ್ಟು ಓದಿ ಕೈಚೆಲ್ಲಬೇಕಾಗಿಲ್ಲ. ನಳಿಕೆಯ ಒಳ ಅಳತೆ .177 ಅಂಗುಲ, ಅಂದರೆ 4.5 ಮಿಲಿಮೀಟರ್ ಮೀರದ, ಪೆಲೆಟ್‌ನ (ಏರ್‌ಗನ್‌ನ ಚಿಕ್ಕ ಸೀಸದ ಗುಂಡಿನ) ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಒಲಿಂಪಿಕ್ಸ್‌ನ 10 ಮೀಟರ್ ಸ್ಪರ್ಧೆ ನಡೆಯುವುದೂ ಇದೇ 4.5 ಮಿಲಿಮೀಟರ್ ಅಳತೆಯಲ್ಲಿ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಆದ್ದರಿಂದ ‘ಏರ್‌ಗನ್ ಮಕ್ಕಳಾಟ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಅಂಗೀಕೃತ ಮಾರಾಟಗಾರರಲ್ಲೇ ಕೊಳ್ಳಿ, ಗುರುತಿನ ದಾಖಲೆ ಕೊಡಿ, ಬಿಲ್ಲನ್ನು ಜೋಪಾನವಾಗಿಡಿ. ಪ್ರಯಾಣದಲ್ಲಿ ರೈಫಲ್ ಚೀಲದೊಳಗಿರಲಿ, ಬಿಲ್ಲಿನ ಪ್ರತಿ ಜೊತೆಗಿರಲಿ.

ಇನ್ನೂ ಎರಡು ಎಚ್ಚರಿಕೆ. ನೆಂಟರ ಕೋವಿಯನ್ನು ‘ಎರಡು ದಿನ ಕೊಡು ಮಾವ’ ಎಂದು ಎರವಲು ತಂದು ಅಭ್ಯಾಸ ಮಾಡುವುದು ಕಾನೂನಿಗೆ ವಿರುದ್ಧ. ಕೋವಿ ಯಾರ ಹೆಸರಿನಲ್ಲಿದೆಯೋ ಹೊಣೆಯೂ ಅವರದೇ, ಏನಾದರೂ ಆದರೆ ಇಬ್ಬರೂ ಸಿಕ್ಕಿಬೀಳುತ್ತೀರಿ. ಎರಡನೆಯದಾಗಿ, 2019ರ ತಿದ್ದುಪಡಿಯ ಬಳಿಕ, ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕಾಗಿ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮದುವೆ ಮನೆಯ ಅಂಗಳ ಗುರಿ ಅಭ್ಯಾಸದ ಜಾಗವಲ್ಲ. ಕಾಡಂತೂ ಅಲ್ಲವೇ ಅಲ್ಲ. ವನ್ಯಜೀವಿಗಳ ಬೇಟೆಯನ್ನು 1972ರ ಕಾಯ್ದೆ ನಿಷೇಧಿಸಿದೆ. ಕೋವಿ ಹಿಡಿದು ಕಾಡಿನ ಅಂಚಿನಲ್ಲಿ ಕಾಣಿಸಿಕೊಂಡವರ ‘ಅಭ್ಯಾಸ ಮಾಡುತ್ತಿದ್ದೆ’ ಎಂಬ ವಿವರಣೆಯನ್ನು ಯಾರೂ ನಂಬುವುದಿಲ್ಲ.

ಕೋವಿ ಹಿಡಿಯುವ ಮುನ್ನ ಕೈಗೆ ಕಲಿಸಬೇಕಾದದ್ದು

ಸುರಕ್ಷತೆಯ ನಿಯಮಗಳು ಚಿಕ್ಕವು, ಎಲ್ಲರಿಗೂ ಬಾಯಿಪಾಠವಾಗಿರುತ್ತವೆ. ಆದರೆ ಬಾಯಿಗೆ ಬಂದದ್ದು ಕೈಗೆ ಬರಲು ತಿಂಗಳುಗಳು ಬೇಕು. ಪ್ರತಿ ಕೋವಿಯಲ್ಲೂ ತೋಟಾ ಇದೆ ಎಂದೇ ತಿಳಿಯಬೇಕು. ‘ಖಾಲಿ ಇದೆ’ ಎಂದು ಯಾರು ಹೇಳಿದರೂ, ಕೈಗೆ ತೆಗೆದುಕೊಂಡ ಕೂಡಲೇ ತೆರೆದು ಕಣ್ಣಿನಿಂದ ನೋಡಬೇಕು. ಕೊಡುವವರೂ ತೆರೆದೇ ಕೊಡಬೇಕು. ನಳಿಕೆಯ ಬಾಯಿ ಯಾವತ್ತೂ ಗುರಿಯ ದಿಕ್ಕಿಗಿರಬೇಕು. ಮಾತನಾಡಿಸಿದವರ ಕಡೆಗೆ ಕೋವಿಯ ಸಮೇತ ತಿರುಗುವುದು ಹೊಸಬರು ಪದೇಪದೇ ಮಾಡುವ ತಪ್ಪು. ಗುರಿಯಿಟ್ಟು ಹೊಡೆಯಲು ನಿರ್ಧರಿಸುವವರೆಗೂ ಬೆರಳು ಟ್ರಿಗರ್‌ನ ಕಾವಲು ಬಳೆಯ ಹೊರಗೇ ಇರಬೇಕು.

ನಾಲ್ಕನೆಯ ನಿಯಮ ಗುರಿಯ ಹಿಂದೆ ಏನಿದೆ ಎಂಬುದನ್ನು ಅರಿಯುವುದು. ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದದ್ದು ಇದನ್ನೇ. ಪಾಯಿಂಟ್ 22ರ ಗುಂಡು ಚಿಕ್ಕದು, ಶಬ್ದವೂ ಕಡಿಮೆ. ಹಾಗೆಂದು ಹಗುರವಾಗಿ ಕಾಣುವವರಿದ್ದಾರೆ. ತಡೆಯಿಲ್ಲದಿದ್ದರೆ ಆ ಗುಂಡು ಒಂದೂವರೆ ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ಕಾಫಿ ತೋಟದ ನಡುವೆ ನಿಂತು ನೋಡಿದರೆ ಹಸಿರು ಬಿಟ್ಟು ಬೇರೇನೂ ಕಾಣುವುದಿಲ್ಲ. ಆ ಹಸಿರಿನ ಒಳಗೆ ಕಸಿ ಮಾಡುವವರು, ಮೆಣಸಿನ ಬಳ್ಳಿ ಕಟ್ಟುವವರು, ಲೈನ್‌ಮನೆಗೆ ನಡೆದುಹೋಗುವ ಮಕ್ಕಳು ಇರುತ್ತಾರೆ. ಮರದ ತುದಿಯ ಕಾಯಿಗೆ ರೈಫಲ್‌ನಲ್ಲಿ ಗುರಿಯಿಟ್ಟು ತಪ್ಪಿದರೆ ಗುಂಡು ಆಕಾಶಕ್ಕೆ ಹೋಗಿ ಮಾಯವಾಗುವುದಿಲ್ಲ, ಎಲ್ಲೋ ಇಳಿಯುತ್ತದೆ. ಹಿಂದೆ ಜನವಸತಿ ವಿರಳವಾಗಿದ್ದಾಗ ನಡೆದದ್ದು ಈಗ ನಡೆಯದು. ಕಾಯಿಯನ್ನು ಎತ್ತರದ ಮಣ್ಣಿನ ಬರೆಯ ಮುಂದೆ, ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗೆ ಇಡುವ ಸ್ಪರ್ಧೆಗಳಿಗೆ ಹೋಗಿ. ಹಿಂದೆ ಬರೆಯಿಲ್ಲದ ಕಡೆ, ಎಷ್ಟೇ ದೊಡ್ಡ ಬಹುಮಾನ ಇಟ್ಟಿದ್ದರೂ, ಹೆಸರು ಕೊಡಬೇಡಿ. ಬರೆಯಲ್ಲಿ ಕಲ್ಲಿದ್ದರೂ ಅಪಾಯವೇ, ಗುಂಡು ಚಿಮ್ಮಿ ಹಿಂತಿರುಗುತ್ತದೆ.

ಕಿವಿಯ ವಿಚಾರ ಹೇಳಲೇಬೇಕು. 12 ಬೋರ್ ಕೋವಿಯ ಸದ್ದು 150 ಡೆಸಿಬಲ್ ದಾಟುತ್ತದೆ. ಅಂಥ ಒಂದೇ ಈಡು, ಅಂದರೆ ಒಂದೇ ಗುಂಡಿನ ಹೊಡೆತ, ಕಿವಿಯೊಳಗಿನ ನರಗಳಿಗೆ ಮರಳಿ ಬಾರದ ಹಾನಿ ಮಾಡಬಹುದು. ನಮ್ಮ ಹಿರಿಯರಲ್ಲಿ ಎಷ್ಟು ಮಂದಿಯ ಬಲಗೈ ಗುರಿ ಹೊಡೆಯುತ್ತಾ ಎಡಗಿವಿ ಮಂದವಾಗಿದೆ ಎಂಬುದನ್ನು ಗಮನಿಸಿ. ಬಲಭುಜಕ್ಕೆ ಕೋವಿ ಏರಿಸುವಾಗ ಎಡಗಿವಿ ನಳಿಕೆಯ ಬಾಯಿಗೆ ಹತ್ತಿರವಾಗಿರುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಬಿರಡೆಯಾದರೂ ಸರಿ, ಹಾಕಿಕೊಳ್ಳಿ. ಕಣ್ಣಿಗೆ ಗಟ್ಟಿ ಪ್ಲಾಸ್ಟಿಕ್‌ನ ಕನ್ನಡಕವೂ ಬೇಕು.

ಮದ್ಯ ಕುಡಿದವರು ಆ ದಿನ ಕೋವಿ ಮುಟ್ಟಬಾರದು. ಹಬ್ಬದ ದಿನ, ಪಂದಿಕರಿ, ಕಡುಂಬುಟ್ಟು, ನೆಂಟರಿಷ್ಟರು ಎಲ್ಲ ಸರಿ. ಸ್ಪರ್ಧೆ ಮುಗಿದು ಕೋವಿ ಚೀಲ ಸೇರಿದ ಮೇಲೆ ಉಳಿದದ್ದು.

ಏರ್ ರೈಫಲ್ ಆರಿಸುವುದು, ಹತ್ತು ಮೀಟರ್ ಅಳೆಯುವುದು

ಮೊದಲ ವರ್ಷಕ್ಕೆ ಸ್ಪ್ರಿಂಗ್ ಬಲದ ಸಾಧಾರಣ ಏರ್ ರೈಫಲ್ ಸಾಕು. ನಳಿಕೆಯನ್ನೇ ಬಗ್ಗಿಸಿ ಲೋಡ್ ಮಾಡುವ ಮಾದರಿ ಅಗ್ಗ, ದುರಸ್ತಿಯೂ ಸುಲಭ. ಅದರದ್ದೊಂದು ಸ್ವಭಾವ ತಿಳಿದಿರಬೇಕು. ಒಳಗಿನ ಪಿಸ್ಟನ್ ಮುನ್ನುಗ್ಗುವಾಗ, ಪೆಲೆಟ್ ಇನ್ನೂ ನಳಿಕೆಯಲ್ಲಿರುವಾಗಲೇ, ರೈಫಲ್ ಅಲುಗುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲವೂ ಅದು ಬೇರೆ ಬೇರೆ ಕಡೆಗೆ ನೆಗೆಯುತ್ತದೆ. ಅಂಗೈ ಮೇಲೆ ಸುಮ್ಮನೆ ಮಲಗಿಸಿದಂತೆ ಸಡಿಲವಾಗಿ ಹಿಡಿದರೆ ಪ್ರತಿ ಸಲವೂ ಒಂದೇ ರೀತಿ ನೆಗೆಯುತ್ತದೆ. ಆಗ ಪೆಲೆಟ್‌ಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆ. ಸ್ಪರ್ಧೆಯ ಮಟ್ಟದ ರೈಫಲ್‌ಗಳು ಸಿಲಿಂಡರ್‌ನಲ್ಲಿ ತುಂಬಿಟ್ಟ ಒತ್ತಡದ ಗಾಳಿಯಿಂದ ಕೆಲಸ ಮಾಡುತ್ತವೆ. ಅವು ಅಲುಗುವುದು ತೀರ ಕಡಿಮೆ, ಬೆಲೆ ಮಾತ್ರ ಲಕ್ಷಗಳಲ್ಲಿ. ಆ ಯೋಚನೆ ಸದ್ಯಕ್ಕೆ ಬೇಡ.

ಪೆಲೆಟ್ ಕೊಳ್ಳುವಾಗ ತಲೆ ಚಪ್ಪಟೆಯಾಗಿರುವುದನ್ನೇ ಕೇಳಿ. ಅದು ಕಾಗದದಲ್ಲಿ ಪಂಚ್ ಮಾಡಿದಂತೆ ಉರುಟು ತೂತು ಕೊರೆಯುತ್ತದೆ, ಅಂಕ ಎಣಿಸಲು ಗೊಂದಲವಿರುವುದಿಲ್ಲ. ಚೂಪು ತಲೆಯದು ಕಾಗದವನ್ನು ಹರಿದುಹಾಕುತ್ತದೆ.

ಜಾಗಕ್ಕೆ ಹೆಚ್ಚು ಹುಡುಕಬೇಕಾಗಿಲ್ಲ. ಕಾಫಿ ಒಣಗಿಸುವ ಕಣ, ಮಳೆಗಾಲವಾದರೆ ಖಾಲಿಯಾದ ಗೋದಾಮು, ಎರಡೂ ಹತ್ತು ಮೀಟರಿಗೆ ಸಾಲುತ್ತವೆ. ಆದರೆ ಅಭ್ಯಾಸದ ವೇಳೆ ಆ ಕಡೆ ಬಾಗಿಲು, ಕಿಟಕಿ, ದಾರಿ ಯಾವುದೂ ತೆರೆದಿರಬಾರದು. ಟೇಪ್ ಹಿಡಿದು ಅಳೆಯಿರಿ, ಹೆಜ್ಜೆ ಹಾಕಿ ಅಂದಾಜು ಮಾಡಬೇಡಿ. ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ. ಹಿಂದೆ ದಪ್ಪ ಮರದ ಪೆಟ್ಟಿಗೆಯೊಳಗೆ ಹಳೆಯ ಬಟ್ಟೆ ಒತ್ತಿ ತುಂಬಿ, ಅದರ ಹಿಂದೆ ಕಬ್ಬಿಣದ ತಗಡು ಇಟ್ಟರೆ ಪೆಲೆಟ್ ಅಲ್ಲೇ ನಿಲ್ಲುತ್ತದೆ. ಬರಿಯ ಗೋಡೆಗೆ ಹೊಡೆದರೆ ಅದು ಮುಖಕ್ಕೇ ಹಿಂತಿರುಗಬಹುದು. ಅಧಿಕೃತ ಅಳತೆಯ ಗುರಿ ಕಾಗದಗಳನ್ನೇ ತರಿಸಿಕೊಳ್ಳಿ. 10 ಮೀಟರ್ ರೈಫಲ್ ಗುರಿಯ ಒಟ್ಟು ಅಡ್ಡಳತೆ 45.5 ಮಿಲಿಮೀಟರ್, ನಡುವಿನ ಹತ್ತರ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಮೊದಲ ಸಲ ನೋಡಿದವರಿಗೆ ಎದೆ ಕುಸಿಯುತ್ತದೆ. ಪೆಲೆಟ್‌ನ ಅಂಚು ಆ ಚುಕ್ಕಿಯನ್ನು ಸೋಕಿದರೂ ಹತ್ತು ಅಂಕ ಸಿಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ಧೈರ್ಯ ಬರುತ್ತದೆ.

ಒಂದು ಈಡಿನ ಒಳಗೆ ಏನೇನಿದೆ

ಮೊದಲು ನಿಮ್ಮ ಬಲವಾದ ಕಣ್ಣು ಯಾವುದೆಂದು ತಿಳಿಯಿರಿ. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ಸಣ್ಣ ಕಿಂಡಿ ಮಾಡಿ, ಕೈ ಚಾಚಿ, ಎರಡೂ ಕಣ್ಣು ತೆರೆದು ದೂರದ ಮರವೊಂದನ್ನು ಆ ಕಿಂಡಿಯಲ್ಲಿ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಮರ ಕಿಂಡಿಯಲ್ಲೇ ಉಳಿಯುತ್ತದೋ ಅದೇ ಬಲವಾದ ಕಣ್ಣು. ಬಲಗೈಯವರಿಗೂ ಎಡಗಣ್ಣು ಬಲವಾಗಿರುವುದುಂಟು. ಅಂಥವರು ಆರಂಭದಲ್ಲೇ ಎಡಭುಜಕ್ಕೆ ಹೊರಳುವುದು ಒಳ್ಳೆಯದು. ಕಷ್ಟ ಎಂದು ಬಿಟ್ಟರೆ ವರ್ಷಗಟ್ಟಲೆ ಕಣ್ಣಿನೊಂದಿಗೆ ಜಗಳವಾಡಬೇಕಾಗುತ್ತದೆ.

ನಿಲುವು. ಪಾದಗಳ ನಡುವೆ ಭುಜದಷ್ಟು ಅಂತರ. ಬಲಗೈಯವರು ಎಡಮಗ್ಗುಲು ಗುರಿಯ ಕಡೆ ಬರುವಂತೆ ಅಡ್ಡಲಾಗಿ ನಿಲ್ಲಬೇಕು. ಎಡ ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ, ಬೆನ್ನನ್ನು ತುಸು ಹಿಂದಕ್ಕೆ ಬಾಗಿಸಿದರೆ ರೈಫಲ್‌ನ ಭಾರವನ್ನು ಮೂಳೆ ಹೊರುತ್ತದೆ. ತೋಳಿನ ಸ್ನಾಯುವಿನಿಂದ ಎತ್ತಿ ಹಿಡಿದರೆ ಹತ್ತು ಈಡಿಗೇ ನಡುಕ ಶುರುವಾಗುತ್ತದೆ. ಮನೆಯ ಬಾಗಿಲು ಭಾರ ಹೊತ್ತಿದ್ದರೂ ಒಂದೇ ಬೆರಳಿಗೆ ತಿರುಗುವುದು ಕೀಲು ಸರಿಯಾದ ಕಡೆ ಕೂತಿರುವುದರಿಂದ. ಸೊಂಟ ಮತ್ತು ಮೊಣಕೈ ಕೂಡುವ ಜಾಗವೂ ಹಾಗೆಯೇ ನೆಲೆಯಾಗಬೇಕು.

ಈಗ ಕಣ್ಣು ಮುಚ್ಚಿ, ಎರಡು ಉಸಿರು ತೆಗೆದುಕೊಂಡು, ಕಣ್ಣು ತೆರೆಯಿರಿ. ನಳಿಕೆ ಗುರಿಯ ಎಡಕ್ಕೋ ಬಲಕ್ಕೋ ಸರಿದಿರುತ್ತದೆ. ಆಗ ಕೈಯಿಂದ ತಳ್ಳಿ ಸರಿಮಾಡಬೇಡಿ, ಹಿಂದಿನ ಪಾದವನ್ನು ಸ್ವಲ್ಪ ಸರಿಸಿ ಮತ್ತೆ ಕಣ್ಣು ಮುಚ್ಚಿ ತೆರೆಯಿರಿ. ಮೈ ತಾನಾಗಿಯೇ ಗುರಿಯತ್ತ ತಿರುಗಿ ನಿಲ್ಲುವವರೆಗೂ ಇದನ್ನು ಮಾಡಿ. ಈ ಒಂದು ಕೆಲಸವನ್ನು ಬಿಟ್ಟವರೇ ಹೆಚ್ಚು. ತೆಂಗಿನಕಾಯಿ ಸ್ಪರ್ಧೆಯಲ್ಲಿ ಗುಂಡುಗಳು ಸಾಲಾಗಿ ಒಂದೇ ಪಕ್ಕಕ್ಕೆ ತಪ್ಪುತ್ತಿದ್ದರೆ ನಾನು ಅವರ ಕೋವಿಯನ್ನು ನೋಡುವುದಿಲ್ಲ, ಪಾದಗಳನ್ನು ನೋಡುತ್ತೇನೆ.

ಕೆನ್ನೆ ರೈಫಲ್‌ನ ಹಿಡಿಯ ಮೇಲೆ ಪ್ರತಿ ಸಲವೂ ಅದೇ ಜಾಗದಲ್ಲಿ ಒರಗಲಿ. ಸಾಧಾರಣ ರೈಫಲ್‌ನಲ್ಲಿ ಹಿಂದೆ ಕಚ್ಚು, ಮುಂದೆ ಕಡ್ಡಿ, ಹೀಗೆ ಗುರಿ ನೋಡುವ ಸೈಟ್ ಇರುತ್ತದೆ. ಕಡ್ಡಿಯ ತಲೆ ಕಚ್ಚಿನ ಮೇಲ್ಮಟ್ಟಕ್ಕೆ ಸಮನಾಗಿ, ಎರಡೂ ಬದಿ ಬೆಳಕು ಸಮನಾಗಿ ಕಾಣಬೇಕು. ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ಸ್ಪಷ್ಟವಾಗಿ ಕಾಣಬಲ್ಲದು. ಆ ಸ್ಪಷ್ಟತೆಯನ್ನು ಮುಂದಿನ ಕಡ್ಡಿಗೆ ಕೊಡಿ, ಗುರಿ ಮಸುಕಾಗಿರಲಿ. ಹೊಸಬರು ಇದನ್ನು ನಂಬುವುದಿಲ್ಲ, ಕಾಯಿಯನ್ನೇ ದಿಟ್ಟಿಸುತ್ತಾರೆ. ಕಾಯಿಯನ್ನು ದಿಟ್ಟಿಸಿದಾಗ ಸೈಟ್ ಕೂದಲೆಳೆ ಓರೆಯಾದದ್ದು ಕಾಣುವುದೇ ಇಲ್ಲ, ಆ ಕೂದಲೆಳೆ 50 ಮೀಟರ್ ಮುಟ್ಟುವಷ್ಟರಲ್ಲಿ ಬೆರಳಗಲವಾಗಿರುತ್ತದೆ.

ಉಸಿರನ್ನು ಎಳೆದು, ಅರ್ಧ ಬಿಟ್ಟು, ನಿಲ್ಲಿಸಿ. ಅಲ್ಲಿಂದ ಐದರಿಂದ ಎಂಟು ಸೆಕೆಂಡ್ ನಿಮ್ಮದು. ಅಷ್ಟರೊಳಗೆ ಈಡು ಹೋಗದಿದ್ದರೆ ರೈಫಲ್ ಇಳಿಸಿ, ಮತ್ತೆ ಮೊದಲಿನಿಂದ ಶುರುಮಾಡಿ. ಇಳಿಸುವುದನ್ನು ನಾಚಿಕೆ ಎಂದು ಭಾವಿಸುವವರು, ಸುತ್ತ ನಿಂತವರು ನೋಡುತ್ತಿದ್ದಾರೆಂದು ಅವಸರಪಡುವವರು ಅಲ್ಲಿಯೇ ಸೋಲುತ್ತಾರೆ. ನಾನು ಕಂಡ ಒಳ್ಳೆಯ ಗುರಿಗಾರರೆಲ್ಲ ಧಾರಾಳವಾಗಿ ಇಳಿಸುವವರು.

ಟ್ರಿಗರ್ ಮೇಲೆ ತೋರುಬೆರಳ ತುದಿಯ ಗೆಣ್ಣಿನ ಮೆತ್ತನೆಯ ಭಾಗ ಮಾತ್ರ ಇರಲಿ. ನೇರ ಹಿಂದಕ್ಕೆ, ಒತ್ತಡ ನಿಧಾನವಾಗಿ ಹೆಚ್ಚುವಂತೆ ಎಳೆಯಿರಿ. ಈಡು ಯಾವ ಕ್ಷಣದಲ್ಲಿ ಹಾರಿತೆಂಬುದು ನಿಮಗೇ ತುಸು ಅನಿರೀಕ್ಷಿತವಾಗಿರಬೇಕು. ‘ಈಗ!’ ಎಂದು ಎಳೆದರೆ ಭುಜವೂ ಕಣ್ಣೂ ಮೊದಲೇ ಬೆದರಿರುತ್ತವೆ. 12 ಬೋರ್‌ನ ಒದೆತವನ್ನು ಒಮ್ಮೆ ಉಂಡವರಲ್ಲಿ ಈ ಬೆದರಿಕೆ ಹೆಚ್ಚು. ಅದನ್ನು ಕಳೆಯಲು ಏರ್ ರೈಫಲ್‌ಗೆ ಹಿಂತಿರುಗುವುದಕ್ಕಿಂತ ಒಳ್ಳೆಯ ಮದ್ದಿಲ್ಲ. ಈಡು ಹೋದ ಮೇಲೂ ಎರಡು ಸೆಕೆಂಡ್ ಹಾಗೆಯೇ ನಿಂತು ಸೈಟ್ ನೋಡುತ್ತಿರಿ, ಪೆಲೆಟ್ ಎಲ್ಲಿ ಬಿತ್ತೆಂದು ಮನಸ್ಸಿನಲ್ಲಿ ಹೇಳಿಕೊಳ್ಳಿ, ಆಮೇಲೆ ಕಾಗದ ನೋಡಿ. ಹೇಳಿದ್ದೂ ಕಂಡದ್ದೂ ಹೊಂದತೊಡಗಿದ ದಿನ ನಿಮ್ಮ ಕಲಿಕೆ ನಿಜವಾಗಿ ಆರಂಭವಾಗಿದೆ.

ಸೈಟ್ ತಿದ್ದುವ ಮುನ್ನ ಐದು ಈಡು ಹೊಡೆಯಿರಿ. ಒಂದೇ ಈಡು ತಪ್ಪಿತೆಂದು ತಿರುಪು ತಿರುಗಿಸುವುದು ಕೆಟ್ಟ ಅಭ್ಯಾಸ. ಐದೂ ತೂತುಗಳು ಹರಡಿದ್ದರೆ ತಪ್ಪು ನಿಮ್ಮದು, ಒತ್ತಾಗಿ ಪಕ್ಕಕ್ಕೆ ಬಿದ್ದಿದ್ದರೆ ತಪ್ಪು ಸೈಟಿನದು. ಆಗ ಗುಂಡು ಯಾವ ಕಡೆ ಹೋಗಬೇಕೋ ಹಿಂದಿನ ಸೈಟನ್ನು ಅದೇ ಕಡೆಗೆ ಸರಿಸಿ.

ವಾರಕ್ಕೆ ಮೂರು ದಿನ, ಅರ್ಧ ಗಂಟೆ ಸಾಕು. ಉಳಿದ ದಿನ ಪೆಲೆಟ್ ಹಾಕದೆ, ಟ್ರಿಗರ್ ಮುಟ್ಟದೆ ನಿಲುವು, ಉಸಿರು ಮತ್ತು ಸೈಟ್‌ಗಳನ್ನಷ್ಟೇ ಅಭ್ಯಾಸ ಮಾಡಬಹುದು. ಖಾಲಿ ಸ್ಪ್ರಿಂಗ್ ರೈಫಲ್‌ನ ಟ್ರಿಗರ್ ಎಳೆಯಬೇಡಿ, ಎದುರು ತಡೆಯಿಲ್ಲದೆ ಪಿಸ್ಟನ್ ಬಡಿದು ಹಾಳಾಗುತ್ತದೆ. ಪಾಯಿಂಟ್ 22ರಲ್ಲಿಯೂ ಖಾಲಿ ಎಳೆತ ಒಳ್ಳೆಯದಲ್ಲ, ಒಳಗಿನ ಪಿನ್ನು ನಳಿಕೆಯ ಅಂಚಿಗೆ ಬಡಿಯುತ್ತದೆ.

ಕಾಯಿಯ ಸ್ಪರ್ಧೆಯ ದಿನ

ಪ್ರಕಟಣೆ ಬಂದ ಕೂಡಲೇ ಸಂಘಟಕರಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ: ದೂರ ಎಷ್ಟು, ಒಬ್ಬರಿಗೆ ಎಷ್ಟು ಈಡು, ದೂರದರ್ಶಕ ಸೈಟ್‌ಗೆ ಅವಕಾಶವಿದೆಯೇ, ಕೋವಿ ಮತ್ತು ತೋಟಾ ಯಾರದು. ಇವು ಊರಿಂದೂರಿಗೆ ಬೇರೆ. ಕೆಲವು ಕಡೆ ಸಂಘಟಕರೇ ಕೋವಿ ಇಟ್ಟಿರುತ್ತಾರೆ. ಆಗ ಅದರ ಮಾಲೀಕರು ಪಕ್ಕದಲ್ಲೇ ಇರಬೇಕು, ದಾಖಲೆಯೂ ಅಲ್ಲೇ ಇರಬೇಕು. ಪೊಲೀಸರಿಗೆ ತಿಳಿಸಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ, ಒಳ್ಳೆಯ ಸಂಘಟಕರು ಆ ಪ್ರಶ್ನೆಗೆ ಖುಷಿಪಡುತ್ತಾರೆ.

ನಿಮ್ಮ ಕೋವಿಯೇ ಆದರೆ ಹಿಂದಿನ ವಾರವೇ ಅದೇ ದೂರಕ್ಕೆ, ಅದೇ ತೋಟಾದಲ್ಲಿ ಸೈಟ್ ಹೊಂದಿಸಿಕೊಳ್ಳಿ. ತೋಟಾದ ಕಂಪನಿ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಸಂಘಟಕರ ಕೋವಿಯಾದರೆ ಬೇಗ ಹೋಗಿ, ನಿಮಗಿಂತ ಮೊದಲು ಹೊಡೆದವರ ಗುಂಡು ಎಲ್ಲಿ ಬೀಳುತ್ತಿದೆ ಎಂದು ಬರೆಯ ಮಣ್ಣು ಚಿಮ್ಮುವ ಜಾಗ ನೋಡಿ ಅರ್ಥಮಾಡಿಕೊಳ್ಳಿ. ಎಲ್ಲರ ಗುಂಡೂ ಕಾಯಿಯ ಎಡಕ್ಕೆ ಕೆಳಗೆ ಬೀಳುತ್ತಿದ್ದರೆ ಅದು ಆ ಕೋವಿಯ ಗುಣ, ನೀವು ಬಲಕ್ಕೆ ಮೇಲೆ ಹಿಡಿಯಬೇಕು.

12 ಬೋರ್‌ನಲ್ಲಿ ಬಟ್ಟನ್ನು, ಅಂದರೆ ಕೋವಿಯ ಹಿಂತುದಿಯನ್ನು, ಭುಜದ ಮೂಳೆಗೆ ತಾಗಿಸದೆ, ಎದೆ ಮತ್ತು ಭುಜದ ನಡುವಿನ ಕುಳಿಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಏರ್ ರೈಫಲ್‌ನ ಸಡಿಲ ಹಿಡಿತ ಇಲ್ಲಿಗೆ ಸಲ್ಲದು. ತುಸು ಮುಂದಕ್ಕೆ ಬಾಗಿ ನಿಂತರೆ ಒದೆತವನ್ನು ಮೈ ಹೀರಿಕೊಳ್ಳುತ್ತದೆ. ಈ ಬೋರ್ ಎಂಬ ಲೆಕ್ಕ ಹಳೆಯದು: ನಳಿಕೆಯ ಅಳತೆಯ ಸೀಸದ ಹನ್ನೆರಡು ಉಂಡೆಗಳು ಒಂದು ಪೌಂಡ್ ತೂಗಿದರೆ ಅದು 12 ಬೋರ್. ಆದ್ದರಿಂದ ಸಂಖ್ಯೆ ಚಿಕ್ಕದಾದಷ್ಟೂ ನಳಿಕೆ ದೊಡ್ಡದು.

ಟ್ರಿಗರ್ ಎಳೆದರೂ ತೋಟಾ ಸಿಡಿಯದಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ಇನ್ನೊಂದು ಕೈ ಎತ್ತಿ ಉಸ್ತುವಾರಿಯವರನ್ನು ಕರೆಯಿರಿ. ತಡವಾಗಿ ಸಿಡಿಯುವ ತೋಟಾಗಳುಂಟು, ಮಳೆಗಾಲದಲ್ಲಿ ತೇವ ಕುಡಿದ ತೋಟಾಗಳಲ್ಲಿ ಇನ್ನೂ ಹೆಚ್ಚು. ಸದ್ದು ಕ್ಷೀಣವಾಗಿ ಕೇಳಿದರೆ ಮುಂದಿನ ತೋಟಾ ಹಾಕುವ ಮುನ್ನ ಕೋವಿ ತೆರೆದು, ನಳಿಕೆಯಲ್ಲಿ ಏನೂ ಸಿಕ್ಕಿಕೊಂಡಿಲ್ಲ ಎಂದು ಬೆಳಕಿಗೆ ಹಿಡಿದು ನೋಡಲೇಬೇಕು.

ಅಲ್ಲಿಂದ ಮುಂದೆ

ಕಾಯಿ ಸ್ಪರ್ಧೆಯ ರುಚಿ ಹತ್ತಿದವರಲ್ಲಿ ಕೆಲವರಾದರೂ ಕಾಗದದ ಗುರಿಯತ್ತ ಬರಬೇಕೆಂಬುದು ನನ್ನ ದೊಡ್ಡ ಆಸೆ. ಇಷ್ಟೊಂದು ಕೋವಿಗಳಿರುವ ಜಿಲ್ಲೆಯಲ್ಲಿ ನಿಯಮಬದ್ಧ ಸ್ಪರ್ಧೆಗೆ ಹೋಗುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ. ದಾರಿ ಹೀಗಿದೆ. ದೇಶದಲ್ಲಿ ಈ ಕ್ರೀಡೆಯನ್ನು ನಡೆಸುವುದು 1951ರಲ್ಲಿ ಆರಂಭವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ. ನಮ್ಮಲ್ಲಿ ಬೆಂಗಳೂರಿನ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ. ಅಂಗೀಕೃತ ಕ್ಲಬ್ಬಿನ ಅಥವಾ ರಾಜ್ಯ ಸಂಸ್ಥೆಯ ಸದಸ್ಯರಾಗಿ, ಶೂಟರ್ ಗುರುತಿನ ಸಂಖ್ಯೆ ಪಡೆದು ರಾಜ್ಯಮಟ್ಟದ ಸ್ಪರ್ಧೆಗೆ ಹೆಸರು ಕೊಡಬಹುದು. ಅಲ್ಲಿ ನಿಗದಿತ ಅಂಕ ಗಳಿಸಿದವರು ಮುಂದಿನ ಹಂತಗಳಿಗೆ, ಅಲ್ಲಿಂದ ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಾರೆ. ಹೊಸಬರಿಗೆ ಎನ್‌ಆರ್ (ನ್ಯಾಷನಲ್ ರೂಲ್ಸ್) ಎಂಬ ಪ್ರತ್ಯೇಕ ವಿಭಾಗವಿದೆ, ಹೆಸರು ನೋಂದಾಯಿಸುವಾಗ ಅದರ ವಿವರ ಕೇಳಿ. ಕಾಲೇಜಿನ ಮಕ್ಕಳಿಗೆ ಎನ್‌ಸಿಸಿ ಇನ್ನೊಂದು ಒಳ್ಳೆಯ ಬಾಗಿಲು, ಅಲ್ಲಿ ಪಾಯಿಂಟ್ 22 ರೈಫಲ್‌ನ ತರಬೇತಿ ಪಠ್ಯದ ಭಾಗವೇ.

10 ಮೀಟರ್ ಏರ್ ರೈಫಲ್‌ನ ಅಂತರರಾಷ್ಟ್ರೀಯ ಮಾದರಿಯಲ್ಲಿ ಮೊದಲು 15 ನಿಮಿಷ ಸಿದ್ಧತೆ ಮತ್ತು ಸೈಟ್ ಹೊಂದಿಸಲು, ಬಳಿಕ 60 ಈಡಿಗೆ 75 ನಿಮಿಷ. ಒಂದು ಈಡಿಗೆ ಗರಿಷ್ಠ 10.9 ಅಂಕ. ರೈಫಲ್‌ನ ತೂಕ ಐದೂವರೆ ಕಿಲೋ ಮೀರುವಂತಿಲ್ಲ. ಗಟ್ಟಿ ಜಾಕೆಟ್, ಪ್ಯಾಂಟು, ಕೈಗವಸುಗಳಿಗೂ ದಪ್ಪ ಮತ್ತು ಬಿಗಿತದ ನಿಯಮಗಳಿವೆ. ಜಾಕೆಟ್ ದುಬಾರಿ, ಮೊದಲ ವರ್ಷ ಕೊಳ್ಳಲೇಬೇಡಿ. ಅದಿಲ್ಲದೆ ನಿಲ್ಲಲು ಕಲಿತ ಮೈಗೆ ಅದು ಸಹಾಯ ಮಾಡುತ್ತದೆ, ಕಲಿಯದ ಮೈಯನ್ನು ಬರೀ ಮುಚ್ಚಿಡುತ್ತದೆ. 75 ನಿಮಿಷ ನಿಂತೇ ಇರಬೇಕಾದ್ದರಿಂದ ಬೆಟ್ಟ ಹತ್ತುವ ಕಾಲುಗಳಿರುವ ನಮ್ಮ ಮಕ್ಕಳಿಗೆ ಇದು ಒಗ್ಗುವ ಆಟ.

ಮಳೆ, ತುಕ್ಕು, ಸೀಸ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಕೋವಿಯ ಪಾಡೇನು! ಹೊರಗಿನಿಂದ ತಂದ ರೈಫಲನ್ನು ಒದ್ದೆ ಚೀಲದಲ್ಲೇ ಬಿಟ್ಟರೆ ಮರುದಿನವೇ ಕಬ್ಬಿಣ ಕೆಂಪಾಗುತ್ತದೆ. ಒಣಬಟ್ಟೆಯಿಂದ ಒರೆಸಿ, ಕೋವಿಗೆಂದೇ ಸಿಗುವ ಎಣ್ಣೆಯನ್ನು ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅದು ಅಂಟಾಗಿ ಧೂಳು ಹಿಡಿಯುತ್ತದೆ. ಸ್ಪ್ರಿಂಗ್ ಏರ್ ರೈಫಲ್‌ನ ಗಾಳಿಯ ತೂತಿಗೆ ಮಾತ್ರ ಸಾಮಾನ್ಯ ಎಣ್ಣೆ ಬಿಡಬಾರದು, ಒಳಗಿನ ಒತ್ತಡದ ಶಾಖಕ್ಕೆ ಅದು ಹೊತ್ತಿ ಸೀಲ್ ಹಾಳಾಗುತ್ತದೆ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣಗಳನ್ನಿಟ್ಟು, ತಿಂಗಳಿಗೊಮ್ಮೆ ಒಣಗಿಸಿ ಮತ್ತೆ ಇಡಿ. ದೂರದರ್ಶಕ ಸೈಟ್‌ನ ಗಾಜಿಗೆ ಒಮ್ಮೆ ಬೂಷ್ಟು ಹತ್ತಿದರೆ ತೆಗೆಯುವುದು ಕಷ್ಟ.

ಕೋವಿ ಒಂದು ಕಪಾಟಿನಲ್ಲಿ, ತೋಟಾ ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಬೀಗದ ಕೈ ದೇವರ ಮನೆಯ ಮೊಳೆಯಲ್ಲಿ ನೇತಾಡಬಾರದು, ಮಕ್ಕಳಿಗೆ ಮೊದಲು ಗೊತ್ತಾಗುವ ಜಾಗ ಅದೇ. ಒರೆಸಲು ಕೂತಾಗ ಮೊದಲ ಕೆಲಸ ಕೋವಿ ತೆರೆದು ನೋಡುವುದು, ಮೇಜಿನ ಮೇಲೆ ಒಂದು ತೋಟಾವೂ ಇರಬಾರದು. ಪೆಲೆಟ್ ಮುಟ್ಟಿದ ಕೈಯಲ್ಲಿ ಸೀಸ ಇರುತ್ತದೆ. ಅಭ್ಯಾಸ ಮುಗಿದ ಕೂಡಲೇ ಸೋಪಿನಲ್ಲಿ ತೊಳೆಯದೆ ಊಟ ತಿಂಡಿ ಮುಟ್ಟಬೇಡಿ, ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿ ಹಿಡಿಯುವ ಚಾಳಿಯನ್ನು ಮಕ್ಕಳಿಗೆ ಮೊದಲ ದಿನವೇ ಬಿಡಿಸಿ. ಪೆಟ್ಟಿಗೆಯಲ್ಲಿ ಬಿದ್ದ ಸೀಸವನ್ನು ತೋಟಕ್ಕೆ ಎಸೆಯದೆ ಡಬ್ಬಿಯಲ್ಲಿ ಕೂಡಿಟ್ಟು ಗುಜರಿಯವರಿಗೆ ಕೊಡಿ.